ಹಳೆಯ ಕಲೆ ತೆಗೆಯುವ ವಿಧಾನ

ಲಾಂಡ್ರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಅಂಗಡಿ ನಾದಿನಿಯದು. ನಾದಿನಿ ಅತ್ತಿಗೆ ಎನ್ನುತ್ತಿದ್ದಳಾದ್ದರಿಂದ ಇಸ್ತ್ರಿಯವರಿಂದ ಹಿಡಿದು ಬಟ್ಟೆ ಕೊಡಲು ಬಂದ ಗಿರಾಕಿಗಳವರೆಗೆ ಎಲ್ಲರಿಗೂ ಅವಳು ಅತ್ತಿಗೆಯೇ ಆಗಿಬಿಟ್ಟಿದ್ದಳು. ನಾದಿನಿಯ ಹೆಸರಿನ ಗತಿಯೂ ಅಷ್ಟೇ. ಬಾಗಿಲು ತುಂಬುವಷ್ಟು ಅಗಲದ ಹೆಂಗಸು, ನೀರು ಕುಡಿದ ಕಂಬಳಿಯನ್ನು ಒಬ್ಬಳೇ ಎತ್ತಿ ತಂತಿಗೆ ಎಸೆಯುವವಳು. ಚಿಕ್ಕಂದಿನಲ್ಲಿ ಮನೆಯವರು ಕರೆಯುತ್ತಿದ್ದ ಪುಟ್ಟಿ ಎಂಬ ಹೆಸರು ಮಾತ್ರ ತಲೆ ನರೆತರೂ ಅವಳನ್ನು ಬಿಟ್ಟಿರಲಿಲ್ಲ.

ಅತ್ತಿಗೆಯ ಕೆಲಸ ಕೌಂಟರಿನ ಹಿಂದೆ. ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಲೆ ಯಾವುದರದ್ದು, ಎಷ್ಟು ಹಳೆಯದು, ಇಲ್ಲಿಗೆ ತರುವ ಮೊದಲು ಮನೆಯಲ್ಲೇ ಅದಕ್ಕೆ ಏನೇನು ಸುರಿದು ಕೆಡಿಸಿದ್ದಾರೆ ಎಂದು ವಿಚಾರಿಸಿ ಚೀಟಿ ಕಟ್ಟುವುದು. ಜನ ಸಾಮಾನ್ಯವಾಗಿ ಸುಳ್ಳು ಹೇಳುತ್ತಿದ್ದರು. "ಏನೂ ಹಾಕಿಲ್ಲ" ಎಂದವರ ಅಂಗಿಯಿಂದ ವಿನೆಗರ್ ಘಮ್ಮೆನ್ನುತ್ತಿತ್ತು. ಫೋನಿನಲ್ಲಿ ಕೇಳುವವರು ಹೆಚ್ಚಾದಾಗ, ಒಂದೇ ಮಾತನ್ನು ದಿನವಿಡೀ ಹೇಳಿ ಗಂಟಲು ಕಟ್ಟಿಸಿಕೊಳ್ಳುವ ಬದಲು ಬರೆದು ಹಾಕು ಎಂದವನು ಅವಳ ಗಂಡ. ಎದುರು ಸಾಲಿನಲ್ಲಿ ಅವನದು ಕನ್ನಡಕದ ಅಂಗಡಿ. ಹೀಗೆ ಹುಟ್ಟಿದ್ದು 'ಕಲೆ ಮಾಯ' ಎಂಬ ವೆಬ್‌ಸೈಟು.

ಅದರಲ್ಲಿ ಅವಳು ಮಾತಾಡಿದ ಹಾಗೆಯೇ ಬರೆಯುತ್ತಿದ್ದಳು. ಹತ್ತಿ ಅಂಗಿಗೆ ಶಾಯಿ ಬಿದ್ದರೆ ಕೆಳಗೆ ಒಂದು ಹಳೆಯ ಚೌಕದ ಬಟ್ಟೆ ಹಾಸಿ, ಹಿಂಬದಿಯಿಂದ, ಅಂಚಿನಿಂದ ಮಧ್ಯಕ್ಕೆ ಸ್ಪಿರಿಟ್ ಒತ್ತಿ, ಉಜ್ಜಬೇಡಿ. ರಕ್ತಕ್ಕೆ ತಣ್ಣೀರು, ಬಿಸಿನೀರು ಬೇಡವೇ ಬೇಡ. ಉಣ್ಣೆಗೆ ಏನು ಮಾಡುವುದಿದ್ದರೂ ಮೊದಲು ಒಳಹೊಲಿಗೆಯ ಮೇಲೆ ಮಾಡಿ ನೋಡಿ. ಇಷ್ಟೇ. ಪ್ರತಿಯೊಂದು ಕಲೆಯನ್ನೂ ಹಿಂದಿನ ಕೋಣೆಯಲ್ಲಿ ಚಿಂದಿಯ ಮೇಲೆ ತಾನೇ ಮಾಡಿ, ತಾನೇ ತೆಗೆದು, ಹೋಗದಿದ್ದರೆ ಹೋಗುವುದಿಲ್ಲ ಎಂದೇ ಬರೆಯುತ್ತಿದ್ದಳು. ಎಲ್ಲಿನವರೋ ಓದಿ ಬಟ್ಟೆಯನ್ನು ಪಾರ್ಸೆಲ್ ಮಾಡಿ ಕಳಿಸತೊಡಗಿದರು. ಪುಟ್ಟಿ ಇನ್ನೊಂದು ಮೆಷಿನ್ ತಂದಳು. ಇಸ್ತ್ರಿಗೆ ಇನ್ನಿಬ್ಬರು ಬಂದರು. ಯಾರೇ ಆದರೂ ಶಾಯಿ ಕಲೆ ಎಂದು ಟೈಪ್ ಮಾಡಿದರೆ ಸರ್ಚ್ ಇಂಜಿನ್ ಮೊದಲು ತೋರಿಸುತ್ತಿದ್ದದ್ದು ಇವಳನ್ನೇ.

ಹಾಗಿರುವಾಗ ಒಂದು ಬೆಳಿಗ್ಗೆ ಫೋನು ಸುಮ್ಮನಾಯಿತು.

ಮೊದಲು ಅವಳು ಲೈನ್ ಕೆಟ್ಟಿದೆ ಎಂದುಕೊಂಡಳು. ಗಂಡನ ಅಂಗಡಿಗೆ ಫೋನ್ ಮಾಡಿ ನೋಡಿದಳು. ಅವನು ಎದುರಿನ ಗಾಜಿನಾಚೆ ಫೋನ್ ಎತ್ತಿ ಕೈ ಬೀಸಿದ. ಲೈನ್ ಸರಿಯಿತ್ತು. ಆಮೇಲೆ ಸೈಟಿಗೆ ಎಷ್ಟು ಜನ ಬರುತ್ತಾರೆ ಎಂದು ತೋರಿಸುವ ಗೆರೆಯನ್ನು ತೆರೆದಳು. ಇಷ್ಟು ದಿನ ಸಣ್ಣಪುಟ್ಟ ಏರಿಳಿತದಲ್ಲಿ ಸಾಗುತ್ತಿದ್ದ ಗೆರೆ, ಮೇಜಿನ ತುದಿಗೆ ಬಂದ ಲೋಟದಂತೆ ಕೆಳಕ್ಕೆ ಬಿದ್ದಿತ್ತು. ತಾನೇ ಶಾಯಿ ಕಲೆ ಎಂದು ಟೈಪ್ ಮಾಡಿ ಹುಡುಕಿದಳು. ಮೊದಲ ಪುಟದಲ್ಲಿ ಅವಳಿರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಕೆಳಗೆ ಕೆಳಗೆ ಹೋಗುತ್ತ, ತನ್ನ ಮನೆಯ ದಾರಿಯನ್ನೇ ಮರೆತವಳಂತಾದಳು.

"ಏನಾದ್ರೂ ಒತ್ಬಿಟ್ಯಾ ಅತ್ತಿಗೆ?" ಪುಟ್ಟಿ ಹಿಂದಿನಿಂದ ಇಣುಕಿದಳು.

"ನಾನೇನೂ ಒತ್ತಿಲ್ಲ."

"ನಿನ್ನೆ ಕೀಲಿಮಣೆ ಒರೆಸ್ತಾ ಇದ್ದೆ ನೀನು."

"ಆಫ್ ಮಾಡಿ ಒರೆಸಿದ್ದು."

ಪುಟ್ಟಿಗೆ ಸಮಾಧಾನವಾಗಲಿಲ್ಲ. ಅವಳ ಲೋಕದಲ್ಲಿ ಯಂತ್ರ ಕೆಟ್ಟರೆ ಯಾರೋ ಏನೋ ಒತ್ತಿರಲೇಬೇಕು, ಇಲ್ಲವೇ ಜೇಬಿನಲ್ಲಿ ಮರೆತ ಗುಂಡಿಯೊಂದು ಪೈಪಿಗೆ ಸಿಕ್ಕಿಕೊಂಡಿರಬೇಕು.

ಅತ್ತಿಗೆಯನ್ನು ಹೆಚ್ಚು ಕಂಗೆಡಿಸಿದ್ದು ಈಗ ಮೇಲಿದ್ದ ಪುಟ. ಹೊಳೆಯುವ ಚಿತ್ರಗಳ, ಉದ್ದುದ್ದ ಮಾತಿನ ಪುಟ. ಓದುತ್ತ ಹೋದಂತೆ ಅವಳಿಗೆ ಪರಿಚಯದವರ ಮುಖ ಬೇರೆಯವರ ಮೈಮೇಲೆ ಕಂಡಂತಾಯಿತು. ಹಳೆಯ ಚೌಕ ಹಾಸುವುದು, ಹಿಂಬದಿಯಿಂದ ಒತ್ತುವುದು, ಎಲ್ಲ ಅವಳ ಮಾತೇ. ಆದರೆ ಒಂದೊಂದೂ ಚೂರು ಚೂರು ತಿರುಚಿಕೊಂಡಿತ್ತು. ನಡುವೆ ಉಣ್ಣೆಯನ್ನು ಕುದಿಯುವ ನೀರಿಗೆ ಹಾಕಿ ಎಂದು ಬರೆದಿತ್ತು. ಹಾಕಿದರೆ ದೊಡ್ಡವರ ಸ್ವೆಟರು ಗೊಂಬೆಯ ಮೈಗೆ ಬರುತ್ತದೆ. ಕೆಳಗೆ ಅಭಿಪ್ರಾಯ ಬರೆಯುವ ಜಾಗದಲ್ಲಿ ಅವಳು ಹಾಗೆ ಮಾಡಬೇಡಿ ಎಂದು ವಿನಯದಿಂದ ಬರೆದಳು. ತಕ್ಷಣ ಉತ್ತರ ಬಂತು: ನಿಮ್ಮ ಮೆಚ್ಚುಗೆಗೆ ಧನ್ಯವಾದ.

ಮಧ್ಯಾಹ್ನ ಊಟಕ್ಕೆ ಬಂದ ಗಂಡನ ಮುಂದೆ ಎಲ್ಲವನ್ನೂ ತೋಡಿಕೊಂಡಳು.

"ರೀ, ನಾನು ಬರೆದದ್ದರಲ್ಲಿ ತಪ್ಪೇನಾದ್ರೂ ಇದ್ಯಾ?"

"ಇಲ್ಲ ಕಣೆ."

"ಮತ್ಯಾಕೆ ಕೆಳಗೆ ಹಾಕಿದ್ದಾರೆ?"

"ಯಾರೂ ಹಾಕಿರಲ್ಲ. ಅದೊಂದು ಲೆಕ್ಕಾಚಾರ ಅಷ್ಟೆ. ಅಲ್ಗಾರಿದಮ್ ಅಂತಾರೆ. ಆಗಾಗ ಬದಲಾಯಿಸ್ತಾರಂತೆ." ಅವನು ನೀರು ಕುಡಿದು ಯೋಚಿಸಿದ. "ಜನರಿಗೆ ಕಾಣದಿದ್ರೆ ಗಾಜು ಬದಲಾಯಿಸಿ ಕೊಡ್ತೀನಿ ನಾನು. ಜನರ ಕಣ್ಣಿಗೆ ನೀನೇ ಕಾಣದಿದ್ರೆ ನನ್ನ ಹತ್ರ ಔಷಧಿ ಇಲ್ಲ ನೋಡು."

ಔಷಧಿ ಇದ್ದವನೊಬ್ಬನನ್ನು ಪುಟ್ಟಿಯೇ ಹುಡುಕಿ ತಂದಳು. ಅವನ ಕೋಟು ವಾರ ವಾರ ಇಲ್ಲಿಗೇ ಬರುತ್ತಿತ್ತು. ಬಿದ್ದ ವೆಬ್‌ಸೈಟುಗಳನ್ನು ಎತ್ತಿ ನಿಲ್ಲಿಸುವುದು ಅವನ ಕಸುಬು. ಪುಟ್ಟಿ ಅವನಿಗೆ ರ್‍ಯಾಂಕು ಡಾಕ್ಟರು ಎಂದು ಹೆಸರಿಟ್ಟಳು. ಅವನು ಹಿಂದಿನ ಕೋಣೆಯಲ್ಲಿ, ಇಸ್ತ್ರಿಯ ಹಬೆಯ ನಡುವೆ ಲ್ಯಾಪ್‌ಟಾಪ್ ಬಿಚ್ಚಿ ಕೂತು, ನಾಡಿ ಹಿಡಿದವನಂತೆ ಪುಟದಿಂದ ಪುಟಕ್ಕೆ ಹೋಗಿ ನೋಡಿದ.

"ಮೇಡಂ, ಈಗ ಬಂದಿರೋ ಬದಲಾವಣೆ ಗುಣಮಟ್ಟದ್ದು," ಎಂದ ಕೊನೆಗೆ. "ಒಳ್ಳೆ ಬರಹ ಮೇಲೆ ಬರ್ಬೇಕು, ಕೆಟ್ಟದ್ದು ಕೆಳಗೆ ಹೋಗ್ಬೇಕು. ಅದಕ್ಕೇ ಮಾಡಿದ್ದು."

"ಹಾಗಾದ್ರೆ ಉಣ್ಣೆ ಕುದಿಸೋರು ಯಾಕೆ ಮೇಲಿದ್ದಾರೆ?"

"ಅದು ಯಾರೂ ಬರೆದದ್ದಲ್ಲ. ಮೆಷಿನ್ ಬರೆದದ್ದು. ಒಬ್ಬೊಬ್ಬರ ಸೈಟಿಂದ ಒಂದೊಂದು ಮುಷ್ಟಿ ಎತ್ತಿ ರುಬ್ಬಿರ್ತಾರೆ."

"ಮೆಷಿನ್ ಬರೆದದ್ದನ್ನ ಇನ್ನೊಂದು ಮೆಷಿನ್ ಓದಿ ಚೆನ್ನಾಗಿದೆ ಅಂದಿದೆ, ಅಲ್ವಾ?"

"ಹಾಗಂತ ಹೇಳಕ್ಕಾಗಲ್ಲ." ಅವನು ಕುರ್ಚಿ ಎಳೆದುಕೊಂಡ. "ನಿಮ್ಮ ಬರಹದಲ್ಲಿ ಆಳ ಕಾಣಲ್ಲ ಮೇಡಂ. ನಾಲ್ಕು ಸಾಲು ಬರೆದು ಮುಗಿಸ್ತೀರಿ."

"ನಾಲ್ಕು ಸಾಲಿಗೆ ಕಲೆ ಹೋಗುತ್ತೆ ಸರ್."

"ಕಲೆ ಹೋಗುತ್ತೆ. ಓದೋರೂ ಹೋಗ್ತಾರೆ. ಅವರು ನಿಲ್ಲಬೇಕು."

ಕಲೆ ಬಿದ್ದ ಅಂಗಿ ಕೈಯಲ್ಲಿ ಹಿಡಿದು ಒದ್ದಾಡುತ್ತಿರುವವರನ್ನು ಯಾಕೆ ನಿಲ್ಲಿಸಿಕೊಳ್ಳಬೇಕು ಎಂಬುದು ಅವಳಿಗೆ ತಿಳಿಯಲಿಲ್ಲ. ಆದರೆ ಕೆಲಸವಿಲ್ಲದೆ ಕೂತಿದ್ದ ಇಸ್ತ್ರಿಯವರು ಬಾಗಿಲಲ್ಲಿ ನಿಂತು ಬೀದಿ ನೋಡುತ್ತಿದ್ದರು. ಹೊಸ ಮೆಷಿನ್ನಿನ ಮೇಲೆ ಪುಟ್ಟಿ ಒಂದು ಚಾದರ ಹೊದಿಸಿಟ್ಟಿದ್ದಳು. ಅತ್ತಿಗೆ ಸರಿ ಎಂದಳು.

ಡಾಕ್ಟರು ಹೇಳಿದ ಹಾಗೆ ಬರೆಯುವುದು ಸುಲಭವಿರಲಿಲ್ಲ. ಅಂಗಿಯ ಮೇಲಿನ ಶಾಯಿ ಕಲೆ ಎಂದು ತಲೆಬರಹ ಕೊಡಬಾರದು, ಅಷ್ಟು ಉದ್ದ ಯಾರೂ ಟೈಪ್ ಮಾಡುವುದಿಲ್ಲ. ಹಳೆಯ ಕಲೆ ಎಂದರೆ ಸಾಕು. ಅಂಗಿ, ಲಂಗ, ಪ್ಯಾಂಟು ಎಂದು ಚದುರಿಸಬಾರದು, ಮುಖ್ಯ ಮಾತು ಕಲೆ, ಅದು ಮತ್ತೆ ಮತ್ತೆ ಬರಬೇಕು. ಮೊದಲಿಗೆ ವಿಷಯದ ಹಿನ್ನೆಲೆ ಇರಬೇಕು. ಕಲೆ ಎಂದರೇನು, ಅದು ಎಂದಿನಿಂದ ಇದೆ, ಬದುಕಿನಲ್ಲಿ ಅದರ ಸ್ಥಾನವೇನು.

"ಬದುಕಿನಲ್ಲಿ ಕಲೆಯ ಸ್ಥಾನ?" ಅತ್ತಿಗೆ ಪೆನ್ನು ಕಚ್ಚಿಕೊಂಡಳು. "ಕಾಲರು, ತೋಳಿನ ತುದಿ. ಇನ್ನೇನು ಬರೀಲಿ?"

ಆದರೂ ಬರೆದಳು. ಮನುಷ್ಯ ಹುಟ್ಟಿದಾಗಿನಿಂದ ಕಲೆಯೂ ಅವನ ಜೊತೆಗೇ ಇದೆ ಎಂದು ಶುರುಮಾಡಿದಳು. ಮಕ್ಕಳಲ್ಲಿ ಕಲೆ ಸಹಜವಾಗಿಯೇ ಮೂಡುತ್ತದೆ, ದೊಡ್ಡವರು ಅದನ್ನು ಕಂಡು ಗದರಬಾರದು ಎಂದು ಸೇರಿಸಿದಳು. ಆಟಕ್ಕೆ ಹೋಗಿ ಬಂದ ಮಕ್ಕಳ ಮೊಣಕಾಲು ಅವಳ ಮನಸ್ಸಿನಲ್ಲಿತ್ತು. ಕಲೆ ಹಳೆಯದಾದಷ್ಟೂ ಆಳಕ್ಕಿಳಿಯುತ್ತದೆ, ಅದರ ಮುಂದೆ ತಾಳ್ಮೆ ಬೇಕು ಎಂದು ಬರೆದು, ತಾನೇ ಎರಡು ಸಲ ಓದಿಕೊಂಡು, ಸುಳ್ಳೇನೂ ಇಲ್ಲವಲ್ಲ ಎಂದು ಸಮಾಧಾನಪಟ್ಟುಕೊಂಡಳು. ಅಸಲು ವಿಷಯ ತುಂಬ ಕೆಳಗೆ, ಹೊರೆ ಬಟ್ಟೆಯ ಅಡಿಯಲ್ಲಿ ಸಿಕ್ಕಿಕೊಂಡ ಕಾಲುಚೀಲದಂತೆ ಎಲ್ಲೋ ಉಳಿಯಿತು.

ಕೆಲವು ವಾರ ಏನೂ ಆಗಲಿಲ್ಲ. ಸೈಟು ಇನ್ನೂ ಸ್ವಲ್ಪ ಕೆಳಗೇ ಹೋಯಿತು. ಡಾಕ್ಟರು ಉದ್ದ ಹೆಚ್ಚಾಯಿತೇನೋ ಎಂದ. ಆಮೇಲೆ ಇಲ್ಲ, ಉದ್ದ ಸಾಲದು ಎಂದ. ಅಷ್ಟರಲ್ಲಿ ಸರ್ಚ್ ಇಂಜಿನ್ನಿನವರು ಇನ್ನೊಂದು ಬದಲಾವಣೆ ತಂದರಂತೆ. ಈ ಸಲದ್ದು ಪದ ನೋಡುವುದಿಲ್ಲ, ಅರ್ಥ ನೋಡುತ್ತದೆ ಎಂದು ಡಾಕ್ಟರು ಹೇಳಿದ.

ಅದು ಬಂದ ಮೇಲೆ ಗೆರೆ ಮೇಲೆದ್ದಿತು. ಏರುತ್ತಲೇ ಹೋಯಿತು. ಹಿಂದೆ ಒಳ್ಳೆಯ ಕಾಲದಲ್ಲಿ ಬರುತ್ತಿದ್ದವರಿಗಿಂತ ಎಷ್ಟೋ ಪಾಲು ಹೆಚ್ಚು ಜನ ಬರತೊಡಗಿದರು. ಪುಟ್ಟಿ ಹೊಸ ಮೆಷಿನ್ನಿನ ಚಾದರ ತೆಗೆದು, ಒಗೆದು, ಮಡಿಸಿಟ್ಟಳು. ಡಾಕ್ಟರು ಬಂದು ಕೈ ಕುಲುಕಿದ. ಅವನ ಕೋಟನ್ನು ಆ ವಾರ ಪುಕ್ಕಟೆ ಒಗೆದುಕೊಟ್ಟರು.

ಆದರೆ ಪಾರ್ಸೆಲ್ಲುಗಳು ಬರಲಿಲ್ಲ. ಅಷ್ಟು ಜನ ಬರುತ್ತಿದ್ದಾರೆ, ಒಂದು ಟೇಬಲ್ ಕ್ಲಾತೂ ಬರುತ್ತಿಲ್ಲ. ಬಂದದ್ದು ಪತ್ರಗಳು. ಒಬ್ಬರು, ಕಲೆಯ ಬಗ್ಗೆ ನಿಮ್ಮ ಚಿಂತನೆ ಹೃದಯ ತಟ್ಟಿತು ಎಂದಿದ್ದರು. ಇನ್ನೊಬ್ಬರು, ನನ್ನ ಮಗಳಲ್ಲಿ ಕಲೆಯಿದೆ, ಅದನ್ನು ಬೆಳೆಸಲು ಏನು ಮಾಡಬೇಕು ಎಂದು ಕೇಳಿದ್ದರು. ಅತ್ತಿಗೆ ಅದನ್ನು ಓದಿ ಬೆಚ್ಚಿ, ಬೆಳೆಸಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ ಎಂದು ಉತ್ತರ ಕಳಿಸಿಬಿಟ್ಟಳು. ಚಿತ್ರಪ್ರದರ್ಶನವೊಂದರ ಸಮಿತಿಯವರು ತೀರ್ಪುಗಾರರಾಗಿ ಬನ್ನಿ ಎಂದು ಕರೆದಾಗಲೇ ಅವಳಿಗೆ ಬೆಳಕು ಹರಿದದ್ದು.

"ಪುಟ್ಟಿ, ಇವರೆಲ್ಲ ಆ ಕಲೆಗೆ ಬಂದೋರು ಕಣೆ."

"ಯಾವ ಕಲೆಗೆ?"

"ಚಿತ್ರ ಬರೆಯೋದು, ಹಾಡೋದು. ಆ ಕಲೆ."

ಪುಟ್ಟಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟು ಸ್ವಲ್ಪ ಹೊತ್ತು ಅತ್ತಿಗೆಯ ಮುಖವನ್ನೇ ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು. ಇಸ್ತ್ರಿಯವರೂ ನಕ್ಕರು. ಸಂಜೆ ಗಂಡ ಕೇಳಿ, ಕಣ್ಣೀರು ಒರೆಸಿಕೊಳ್ಳುತ್ತ, ಅಂಗಡಿಯ ಬೋರ್ಡು ಬದಲಾಯಿಸಿ ಕಲಾಮಂದಿರ ಅಂತ ಹಾಕಿ ಎಂದ. ಅತ್ತಿಗೆಯೂ ನಕ್ಕಳು. ಮಲಗುವ ಮುನ್ನ ಮಾತ್ರ ಅವಳಿಗೆ ಒಂದು ಅನುಮಾನ ಕಾಡಿತು. ಅರ್ಥ ನೋಡುವ ಯಂತ್ರ ಅಂದರಲ್ಲ, ಹಾಗಾದರೆ ನಾನು ಬರೆದದ್ದರ ಅರ್ಥವೇ ಅದೋ ಏನೋ?

ಡಾಕ್ಟರನ್ನು ಕೇಳಿದರೆ ಅವನು ನಗಲಿಲ್ಲ. "ಇರಬಹುದು. ಇಲ್ದೇ ಇರಬಹುದು. ಒಳಗೆ ಏನಾಗುತ್ತೆ ಅಂತ ಅದನ್ನ ಮಾಡಿದೋರಿಗೂ ಪೂರ್ತಿ ಗೊತ್ತಿರಲ್ಲ. ಜನ ಬರ್ತಾ ಇದ್ದಾರಲ್ಲ, ನಿಧಾನಕ್ಕೆ ಈ ಕಡೆ ತಿರುಗಿಸ್ಕೊಳ್ಳೋಣ. ಸದ್ಯಕ್ಕೆ ಏನೂ ಮುಟ್ಟಬೇಡಿ."

ಅವಳು ಮುಟ್ಟಲಿಲ್ಲ. ಹಾಗೆ ಬಿಟ್ಟ ದಿನಗಳಲ್ಲೇ ಒಂದು ಬೆಳಿಗ್ಗೆ ದೀಪದ ಅಂಗಡಿಯವರು ಬಂದರು.

ಅವರನ್ನು ಅತ್ತಿಗೆ ಆವರೆಗೆ ನೋಡಿರಲಿಲ್ಲ. ವಯಸ್ಸಾದವರು, ಶರಟಿನ ಕೊರಳಿನವರೆಗೆ ಗುಂಡಿ ಹಾಕಿಕೊಂಡವರು. ಊರಿನ ಆಚೆ ಬದಿಯಲ್ಲಿ ಟೇಬಲ್ ಲ್ಯಾಂಪು, ತೂಗುದೀಪಗಳ ಅಂಗಡಿ ಇಟ್ಟುಕೊಂಡಿದ್ದೇನೆ ಎಂದು ಪರಿಚಯ ಹೇಳಿಕೊಂಡರು. ಕಂಕುಳಲ್ಲಿ ದುಪ್ಪಟಿ ಸುತ್ತಿದ ಚಪ್ಪಟೆಯ ವಸ್ತುವೊಂದಿತ್ತು. ಕೌಂಟರಿನ ಮೇಲಿದ್ದ ಮಡಿಸಿದ ಅಂಗಿಗಳನ್ನು, ತೂಗುಹಾಕಿದ್ದ ಕೋಟುಗಳನ್ನು ನೋಡಿ ಅವರು ಬಾಗಿಲಿಗೆ ಹಿಂದಿರುಗಿ ಬೋರ್ಡನ್ನು ಇನ್ನೊಮ್ಮೆ ಓದಿ ಬಂದರು.

"ಕಲೆ ಮಾಯ ಅಂದ್ರೆ ಇದೇನಾ ಅಮ್ಮ?"

"ಇದೇ ಸರ್. ಕೂತ್ಕೊಳ್ಳಿ."

"ಕಲೆಯ ಬಗ್ಗೆ ಬರೀತಾರಲ್ಲ, ಅವರನ್ನ ನೋಡ್ಬೇಕಿತ್ತು."

"ನಾನೇ ಬರೆಯೋದು."

ಅವರ ಮುಖದಲ್ಲಿ ನೆಮ್ಮದಿ ಮೂಡಿತು. ದುಪ್ಪಟಿ ಬಿಚ್ಚಿದರು. ಒಳಗಿದ್ದದ್ದು ಚೌಕಟ್ಟಿನಿಂದ ತೆಗೆದ ಒಂದು ಜಲವರ್ಣದ ಚಿತ್ರ. ಕಿಟಕಿಯ ಪಕ್ಕ ಒಬ್ಬ ಹೆಂಗಸು ಕೂತಿದ್ದಾಳೆ, ಮಡಿಲಲ್ಲಿ ಕೈಗಳಿವೆ, ಕಿಟಕಿಯಾಚೆ ಒಂದು ಗೋಡೆಯ ಮೇಲೆ ಬಿಸಿಲಿದೆ. ಕೈಗಳು ತುಂಬ ಚೆನ್ನಾಗಿದ್ದವು. ಬೆರಳಿನ ಗೆಣ್ಣುಗಳು ಕೂಡ ಕಾಣುತ್ತಿದ್ದವು. ಮುಖವಿರಬೇಕಾದ ಜಾಗದಲ್ಲಿ ಕಂದು ಬಣ್ಣ ಕದಡಿ ಹರಡಿತ್ತು. ಒಂದು ಕಿವಿ, ಗಲ್ಲದ ಒಂದು ಅಂಚು, ಅಷ್ಟೇ ಉಳಿದಿತ್ತು.

"ನಮ್ಮಮ್ಮ," ಎಂದರು ದೀಪದ ಅಂಗಡಿಯವರು. "ಅಪ್ಪ ಬೋರ್ಡು ಬರೀತಿದ್ರು. ಅಕ್ಷರ ಬಿಟ್ಟು ಬೇರೇನೂ ಬರೆದೋರಲ್ಲ. ಇದೊಂದೇ ಬರೆದದ್ದು. ಅಮ್ಮನ ಫೋಟೋ ಇದೆ, ಇಲ್ಲ ಅಂತಲ್ಲ. ಫೋಟೋ ಅಂದ್ರೆ ಅವಳು ಬಾಯಿ ಬಿಗಿ ಮಾಡ್ಕೊಳ್ತಿದ್ಲು. ಇದ್ರಲ್ಲಿ ಮಾತ್ರ ಅವಳು ಇದ್ದ ಹಾಗೇ ಇದ್ಲು."

"ಏನಾಯ್ತು ಸರ್?"

"ಮೇಲುಗಡೆ ಬೂಸ್ಟು ಹಿಡಿದಿತ್ತು. ಶುಚಿ ಮಾಡೋಣ ಅಂದ್ಕೊಂಡು ಹಳೆಯ ಕಲೆ ಅಂತ ಹುಡುಕಿದೆ. ನಿಮ್ಮ ಪುಟ ಸಿಕ್ತು. ಎಷ್ಟು ಚೆನ್ನಾಗಿ ಬರೆದಿದ್ದೀರಿ, ಕಲೆ ಹಳೆಯದಾದಷ್ಟೂ ತಾಳ್ಮೆ ಬೇಕು ಅಂತ. ನೀವು ಹೇಳಿದ ಹಾಗೇ ಮಾಡಿದೆ ಅಮ್ಮ. ಸೋಪಿನ ನೀರಲ್ಲಿ ಅದ್ದಿ, ಚೆನ್ನಾಗಿ ಹಿಂಡಿದ ಬಟ್ಟೆ. ಅಂಚಿಂದ ಮಧ್ಯಕ್ಕೆ. ಉಜ್ಜಲಿಲ್ಲ, ಒತ್ತಿದೆ ಅಷ್ಟೆ." ಅವರು ತಮ್ಮ ಬೆರಳುಗಳನ್ನು ಗಾಳಿಯಲ್ಲಿ ಮೆಲ್ಲಗೆ ಒತ್ತಿ ತೋರಿಸಿದರು. "ಎಲ್ಲಿ ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಈಗೇನು ಮಾಡ್ಬೇಕು ಅಂತ ಕೇಳೋಕೆ ಬಂದೆ."

ಅವರ ದನಿಯಲ್ಲಿ ಸಿಟ್ಟಿನ ಲವಲೇಶವೂ ಇರಲಿಲ್ಲ. ಬಂದು ಕೂಗಾಡಿದ್ದರೆ ಅತ್ತಿಗೆಗೆ ಏನಾದರೂ ಹೇಳಲು ಬರುತ್ತಿತ್ತೇನೋ. ಅವರು ತಾವೇ ತಪ್ಪು ಮಾಡಿದವರಂತೆ, ಸರಿಯಾದ ಕ್ರಮ ತಿಳಿಯಲು ಬಂದವರಂತೆ ಕೂತಿದ್ದರು. ಅಂಚಿನಿಂದ ಮಧ್ಯಕ್ಕೆ, ಉಜ್ಜದೆ ಒತ್ತಿ. ಅದು ಅವಳ ಕೈಯ ಪಾಠವೇ. ಕಲೆ ಹರಡದಿರಲೆಂದು ಎಷ್ಟು ಸಾವಿರ ಸಲ ಹೇಳಿದ್ದಳೋ. ಅವರು ಒಂದಕ್ಷರವೂ ತಪ್ಪದೆ ಪಾಲಿಸಿದ್ದರು.

"ಸರ್, ಅದು ಬಟ್ಟೆಗೆ ಬರೆದದ್ದು," ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ.

"ಏನಮ್ಮ?"

"ಬಟ್ಟೆ ಮೇಲೆ ಬಿದ್ದ ಕಲೆಗೆ. ಇದು ಲಾಂಡ್ರಿ."

ಅವರು ಕೋಟುಗಳ ಕಡೆ ನೋಡಿದರು, ಅವಳ ಕಡೆ ನೋಡಿದರು. ಅರ್ಥವಾಗಲಿಲ್ಲ ಎಂಬುದು ಸ್ಪಷ್ಟವಿತ್ತು. ಅಷ್ಟರಲ್ಲಿ ಪುಟ್ಟಿ ಅತ್ತಿಗೆಯ ರಕ್ಷಣೆಗೆ ಧಾವಿಸಿ ಬಂದಳು.

"ಬಟ್ಟೆ ಅಂತ ಬರೆದೇ ಇದೆ ಸರ್. ನೀವು ಸರಿಯಾಗಿ ಓದಿಲ್ಲ. ತೋರಿಸ್ತೀನಿ ಇರಿ." ಕಂಪ್ಯೂಟರ್ ತಿರುಗಿಸಿ ಪುಟವನ್ನು ಮೇಲಿನಿಂದ ಓದತೊಡಗಿದಳು. ಮನುಷ್ಯ ಹುಟ್ಟಿದಾಗಿನಿಂದ ಕಲೆ ಜೊತೆಗಿದೆ. ಮಕ್ಕಳಲ್ಲಿ ಸಹಜವಾಗಿ ಮೂಡುತ್ತದೆ. ಪುಟ್ಟಿಯ ದನಿ ನಿಧಾನವಾಯಿತು. ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಕೊನೆಗೆ ಒಂದು ಕಡೆ ನಿಂತಿತು. "ಇಲ್ಲಿದೆ ನೋಡಿ. ಬಟ್ಟೆ." ಓದಿದಳು: "ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ..."

ಇಡೀ ಪುಟದಲ್ಲಿ ಬಟ್ಟೆ ಎಂಬ ಮಾತು ಬಂದಿದ್ದದ್ದು ಅದೊಂದೇ ಕಡೆ. ಒರೆಸುವ ಬಟ್ಟೆಯಾಗಿ.

ಅತ್ತಿಗೆಗೆ ಆ ದಿನ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ತಪ್ಪು ಯಾರದು ಎಂದು ತನ್ನಲ್ಲೇ ಕೇಳಿಕೊಂಡಳು. ಬರೆದವಳು ಅವಳು. ಬರೆಸಿದವನು ಡಾಕ್ಟರು. ಒಯ್ದು ಇವರ ಮುಂದಿಟ್ಟದ್ದು ಎಲ್ಲೋ ಇರುವ ಒಂದು ಲೆಕ್ಕಾಚಾರ. ಒರೆಸಿದ್ದು ಇವರ ಕೈ. ಯಾವ ಕಡೆಯಿಂದ ಹಿಡಿದರೂ ಜಾರುತ್ತಿತ್ತು. ಹಾಗೆಂದು ಅವರನ್ನು ಕಳಿಸಿಬಿಡಲು ಮನಸ್ಸಾಗಲಿಲ್ಲ. ಚಹಾ ತರಿಸಿಕೊಟ್ಟಳು. ಆಮೇಲೆ ಗಂಡನಿಗೆ ಫೋನ್ ಮಾಡಿದಳು. ಅವನ ಗಿರಾಕಿಯೊಬ್ಬರು ವಸ್ತುಸಂಗ್ರಹಾಲಯದಲ್ಲಿ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುತ್ತಾರೆಂದು, ಸೂಕ್ಷ್ಮ ಕೆಲಸಕ್ಕೆಂದೇ ವಿಶೇಷ ಕನ್ನಡಕ ಮಾಡಿಸಿಕೊಂಡು ಹೋಗಿದ್ದರೆಂದು ಅವನು ನೆನಪಿಸಿಕೊಂಡ. ಮಧ್ಯಾಹ್ನವೇ ಅತ್ತಿಗೆ ಅಂಗಡಿಯನ್ನು ಪುಟ್ಟಿಗೆ ಬಿಟ್ಟು, ದೀಪದ ಅಂಗಡಿಯವರ ಜೊತೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅವರು ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು, ಬಸ್ಸು ಕುಲುಕಿದಾಗೆಲ್ಲ ಎರಡೂ ಕೈಯಿಂದ ಎತ್ತಿ ಹಿಡಿಯುತ್ತಿದ್ದರು.

ದುರಸ್ತಿಯವಳು ನೆಲಮಾಳಿಗೆಯ ಉದ್ದನೆಯ ಕೋಣೆಯಲ್ಲಿದ್ದಳು. ಮಿತಭಾಷಿ. ಚಿತ್ರವನ್ನು ದೀಪದಡಿ ಇಟ್ಟು ಬಹಳ ಹೊತ್ತು ನೋಡಿದಳು.

"ಒದ್ದೆ ಬಟ್ಟೆ ಯಾರು ಹೇಳಿದ್ದು ನಿಮಗೆ?"

ದೀಪದ ಅಂಗಡಿಯವರು ಗೋಡೆಯ ಕಡೆ ನೋಡಿದರು.

"ನಾನು," ಎಂದಳು ಅತ್ತಿಗೆ.

ದುರಸ್ತಿಯವಳು ತಲೆಯೆತ್ತಿ ಅವಳನ್ನು ನೋಡಿ, ಮತ್ತೆ ಚಿತ್ರದ ಕಡೆ ಬಗ್ಗಿದಳು. "ಜಲವರ್ಣ ಅಂದ್ರೆ ನೀರಿಗೆ ಬಿಟ್ಕೊಡೋ ಬಣ್ಣ. ಹೋದದ್ದು ವಾಪಸ್ ಬರಲ್ಲ. ಬೂಸ್ಟನ್ನ ಒಣ ಕುಂಚದಲ್ಲಿ ತೆಗೀತೀನಿ. ಮುಖ ಬೇಕು ಅಂದ್ರೆ ಬರೆದುಕೊಡಬಹುದು, ಫೋಟೋ ನೋಡ್ಕೊಂಡು. ಆದ್ರೆ ಆಗ ಅದು ನಾನು ಬರೆದ ಮುಖ ಆಗುತ್ತೆ. ಯೋಚಿಸಿ ಹೇಳಿ."

ಅವರು ಹೆಚ್ಚು ಯೋಚಿಸಲಿಲ್ಲ. "ಬೇಡ. ಅಪ್ಪ ಬರೆದದ್ದು ಎಷ್ಟು ಉಳಿದಿದೆಯೋ ಅಷ್ಟೇ ಇರಲಿ."

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕಿಟಕಿಯಾಚೆ ನೋಡುತ್ತ, "ನಿಮ್ಮ ಮೇಲೆ ಸಿಟ್ಟು ಮಾಡ್ಕೋಬೇಕೋ ಬೇಡ್ವೋ ನನಗೆ ತಿಳೀತಿಲ್ಲ ಅಮ್ಮ," ಎಂದರು.

"ಮಾಡ್ಕೊಳ್ಳಿ ಸರ್."

"ಬರ್ತಿಲ್ಲ. ನೀವು ಬಟ್ಟೆ ಮನಸ್ಸಲ್ಲಿಟ್ಕೊಂಡು ಬರೆದ್ರಿ, ನಾನು ಅಮ್ಮನ್ನ ಮನಸ್ಸಲ್ಲಿಟ್ಕೊಂಡು ಓದಿದೆ." ಅವರು ಇವಳ ಕಡೆ ತಿರುಗಿ ಕೇಳಿದರು, "ಆದ್ರೆ ನನ್ನನ್ನ ನಿಮ್ಮ ಹತ್ರ ಕಳಿಸಿದೋರು ಯಾರು? ಅವರನ್ನ ಕೇಳ್ಬೇಕಲ್ಲ?"

ಅವರನ್ನು ಎಲ್ಲಿ ಹೋಗಿ ಕೇಳುವುದೆಂದು ಅತ್ತಿಗೆಗೂ ಗೊತ್ತಿರಲಿಲ್ಲ.

ಮರುದಿನ ಅವಳು ಡಾಕ್ಟರಿಗೆ ಫೋನ್ ಮಾಡಿ, ಆ ಪುಟ ತೆಗೆಯುತ್ತೇನೆ ಎಂದಳು.

"ಮೇಡಂ, ಅವಸರ ಬೇಡ. ಎಲ್ಲರಿಗಿಂತ ಮೇಲಿರೋ ಪುಟ ಅದು. ನಡೆದದ್ದು ಬೇಜಾರಿನ ವಿಷಯಾನೇ. ಬೇಕಾದ್ರೆ ಮೇಲೊಂದು ಸಾಲು ಹಾಕೋಣ."

"ಇದು ಚಿತ್ರದ ಬಗ್ಗೆ ಅಲ್ಲ ಅಂತ ಹಾಕ್ತೀನಿ."

"ಚಿತ್ರ ಅನ್ನೋ ಮಾತು ಬಂದ್ರೆ ಸರ್ಚ್ ಇಂಜಿನ್ ಇದು ಚಿತ್ರದ ಬಗ್ಗೇನೇ ಅಂದ್ಕೊಂಡ್ರೂ ಅಂದ್ಕೊಳ್ಳಬಹುದು."

"ಅಲ್ಲ ಅಂತ ಬರೆದ್ರೂ?"

"ಅಲ್ಲ ಅಂತ ಬರೆದ್ರೂ."

"ಮತ್ತೆ ಚಿತ್ರ ಅಂತಾನೇ ಬರೀದೆ ಹೇಗೆ ಹೇಳ್ಲಿ ಚಿತ್ರಕ್ಕೆ ಹಚ್ಚಬೇಡಿ ಅಂತ?"

ಅವನು ವಿಚಾರಿಸಿ ಹೇಳುತ್ತೇನೆ ಎಂದ. ಯಾರನ್ನು ವಿಚಾರಿಸುತ್ತಾನೆಂದು ಅವಳು ಕೇಳಲಿಲ್ಲ.

ಅತ್ತಿಗೆ ಆ ದಿನವೇ ಪುಟವನ್ನು ಅಳಿಸಿದಳು. ಅದೇ ಧಾಟಿಯಲ್ಲಿ ಉದ್ದ ಮಾಡಿದ ಉಳಿದೆಲ್ಲವನ್ನೂ ಅಳಿಸಿದಳು. ಹೊಸದಾಗಿ ಬರೆಯಲು ಕೂತಾಗ ಒಂದು ವಿಚಿತ್ರ ಅನುಭವವಾಯಿತು. ಕಲೆ ಎಂಬ ಮಾತನ್ನು ಬರೆದು ನೋಡಿದರೆ ಅದು ಅವಳದೇ ಮಾತು ಅನ್ನಿಸಲಿಲ್ಲ. ಎರಡು ಅಕ್ಷರ, ಅಷ್ಟೇ. ಯಾರ ಮನೆಯದೋ ಎಂದು ಗೊತ್ತಾಗದ ಅಂಗಿಯಂತೆ ಕಂಡವು. ಬಹಳ ಹೊತ್ತು ಅದನ್ನೇ ನೋಡುತ್ತ ಕೂತಳು. ಆಮೇಲೆ ಒಂದೊಂದು ಸಾಲಿಗೂ ಅಂಗಿ, ಕಾಲರು, ಉಣ್ಣೆ, ಹತ್ತಿ ಎಂದು ಸೇರಿಸಿ, ಅನುಮಾನ ಬಂದಲ್ಲೆಲ್ಲ ಇನ್ನೊಮ್ಮೆ ಸೇರಿಸಿ, ಬರೆದು ಮುಗಿಸಿದಳು. ಎಲ್ಲಕ್ಕಿಂತ ಮೇಲೆ, ಡಾಕ್ಟರು ಏನಂದರೂ ಸರಿ ಎಂದು, ದಪ್ಪ ಅಕ್ಷರದಲ್ಲಿ ಹಾಕಿದಳು: ಇಲ್ಲಿ ಹೇಳಿದ್ದನ್ನು ಬಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ, ಮುಖ್ಯವಾಗಿ ಚಿತ್ರಗಳಿಗೆ, ಮಾಡಬೇಡಿ.

ಗೆರೆ ಬಿತ್ತು. ಈ ಸಲ ಬೀಳುವುದೆಂದು ಗೊತ್ತಿದ್ದುದರಿಂದ ಅವಳು ಅದನ್ನು ತೆರೆಯಲೇ ಇಲ್ಲ; ಪುಟ್ಟಿ ತೆರೆದು ನೋಡಿ, ಮುಚ್ಚಿ, ಮೆಷಿನ್ನಿಗೆ ಚಾದರ ಹೊದಿಸಿದಳು. ಇಸ್ತ್ರಿಗೆ ಆಮೇಲೆ ಬಂದಿದ್ದ ಇಬ್ಬರಲ್ಲಿ ಒಬ್ಬಳು ಬೇರೆ ಕೆಲಸ ನೋಡಿಕೊಂಡಳು. ಹೋಗುವ ದಿನ ಅತ್ತಿಗೆಯ ಕೈ ಹಿಡಿದು, "ನಿಮ್ಮದೇನೂ ತಪ್ಪಿಲ್ಲ ಬಿಡಿ," ಎಂದಳು. ಅವಳು ಯಾವುದನ್ನು ಕುರಿತು ಹೇಳಿದಳೆಂದು ಅತ್ತಿಗೆಗೆ ಸರಿಯಾಗಿ ತಿಳಿಯಲಿಲ್ಲ.

ದೀಪದ ಅಂಗಡಿಯವರು ಒಮ್ಮೆ ತಾವಾಗಿ ಬಂದರು, ಒಗೆಯಲು ಪರದೆಗಳನ್ನು ತಂದು. ಚಿತ್ರವನ್ನು ಮತ್ತೆ ಗೋಡೆಗೆ ಹಾಕಿದ್ದಾರಂತೆ. ಮನೆಗೆ ಬಂದವರು ಈಗ ಅದರ ಮುಂದೆ ನಿಂತು ಇದು ಯಾರು ಎಂದು ಕೇಳುತ್ತಾರಂತೆ. ಮೊದಲು ಯಾರೂ ಕೇಳುತ್ತಿರಲಿಲ್ಲವಂತೆ. "ಹೇಳ್ತಾ ಹೇಳ್ತಾ ಎಷ್ಟೋ ವಿಷಯ ನೆನಪಾಗುತ್ತೆ," ಎಂದರು. "ಅದು ಒಳ್ಳೇದೋ ಕೆಟ್ಟದ್ದೋ, ನೋಡ್ಬೇಕು." ಆಮೇಲೆ ಪರದೆಯ ಮೇಲಿದ್ದ ಎಣ್ಣೆಯ ಗುರುತನ್ನು ತೋರಿಸಿ, ತಾವು ಅದಕ್ಕೆ ಏನೂ ಹಾಕಿಲ್ಲವೆಂದು ಪ್ರಮಾಣ ಮಾಡಿದರು. ನಿಜವಾಗಿಯೂ ಹಾಕಿರಲಿಲ್ಲ.

ಅಷ್ಟಾಗಿ ಎಷ್ಟೋ ದಿನ ಕಳೆದ ಮೇಲೆ, ಯಾರೂ ಏನೂ ಮಾಡದೆ, ಫೋನು ಮತ್ತೆ ಹೊಡೆದುಕೊಳ್ಳಲು ಶುರುವಾಯಿತು. ಬೆಳಿಗ್ಗೆ ಒಬ್ಬರು ಗ್ರೀಸು ಅಂಟಿದ ಪ್ಯಾಂಟು ಎಂದರು. ಇನ್ನೊಬ್ಬರು ಮಗುವಿನ ಸ್ವೆಟರು ಎಂದರು. ಸಂಜೆಗೆ ಒಂದು ಪಾರ್ಸೆಲ್ ಬಂತು. ಪುಟ್ಟಿ ಹುಡುಕಿ ನೋಡಿದರೆ ಶಾಯಿ ಕಲೆಗೆ ಎಲ್ಲರಿಗಿಂತ ಮೇಲೆ ಅತ್ತಿಗೆ. ಉಣ್ಣೆ ಕುದಿಸುವವರ ಪುಟ ಎಲ್ಲಿಯೂ ಕಾಣಲಿಲ್ಲ. ಅಂಚಿನಿಂದ ಮಧ್ಯಕ್ಕೆ, ಉಜ್ಜದೆ ಒತ್ತಿ. ಮೊದಲು ಬರೆದದ್ದೂ ಇದೇ ಆಗಿತ್ತು, ಆಗ ಕೆಳಗೆ ಬಿದ್ದದ್ದೂ ಇದೇ.

ಡಾಕ್ಟರು ಕೋಟು ಹಿಡಿದುಕೊಂಡು ಓಡಿಬಂದ. ಬಹಳ ದಿನದಿಂದ ಅವನು ಈ ಕಡೆ ತಲೆ ಹಾಕಿರಲಿಲ್ಲ.

"ಏನ್ ಮಾಡಿದ್ರಿ ಮೇಡಂ?"

"ಏನೂ ಮಾಡಿಲ್ಲ."

"ಏನೂ ಮಾಡದೆ ಹೀಗಾಗಲ್ಲ. ನನ್ನ ಹತ್ರ ಇರೋರೆಲ್ಲ ಈ ಸಲ ಬಿದ್ದಿದ್ದಾರೆ. ನೀವೊಬ್ರೇ ಎದ್ದಿದ್ದೀರಿ."

"ನಾಲ್ಕು ಸಾಲು ಬರೆದೆ. ಮೇಲೆ ಚಿತ್ರಕ್ಕೆ ಹಚ್ಚಬೇಡಿ ಅಂತ ಹಾಕ್ದೆ. ಅಷ್ಟೆ."

ಅವನು ಆ ದಪ್ಪಕ್ಷರದ ಸಾಲನ್ನು ಎರಡು ಮೂರು ಸಲ ಓದಿದ. ಅವನ ತುಟಿ ಅಲುಗುತ್ತಿತ್ತು. "ಇದೇ ಇರ್ಬೇಕು," ಎಂದ. ಸ್ವಲ್ಪ ಹೊತ್ತಿಗೆ, "ಇದಾಗಿರಲಿಕ್ಕಿಲ್ಲ," ಎಂದ. ಆಮೇಲೆ ದನಿ ತಗ್ಗಿಸಿ, "ನನಗೆ ಹೇಳೋಕೆ ಇಷ್ಟ ಇಲ್ದಿದ್ರೆ ಬಿಡಿ ಮೇಡಂ. ಬೇಜಾರಿಲ್ಲ," ಎಂದ. ಬೇಜಾರಾಗಿರುವುದು ಮುಖದಲ್ಲೇ ಕಾಣುತ್ತಿತ್ತು. ಕೋಟನ್ನು ಕೌಂಟರಿನ ಮೇಲಿಟ್ಟು, ಚೀಟಿ ತೆಗೆದುಕೊಳ್ಳುವುದನ್ನೂ ಮರೆತು ಹೊರಟುಹೋದ.

"ನಂಬಲಿಲ್ಲ ಅವನು," ಎಂದಳು ಅತ್ತಿಗೆ.

"ನಾನೂ ನಂಬಲ್ಲ," ಎಂದಳು ಪುಟ್ಟಿ, ಪಾರ್ಸೆಲ್ಲಿನ ದಾರ ಕತ್ತರಿಸುತ್ತ. "ಏನೋ ಒತ್ತಿದ್ದೀಯ ನೀನು. ಯಾವುದು ಅಂತ ನಿನಗೆ ನೆನಪಿಲ್ಲ."

ಅತ್ತಿಗೆ ನಗಬೇಕೆಂದುಕೊಂಡಳು, ಆದರೆ ಆ ಮಾತು ಅವಳಿಗೆ ಪೂರ್ತಿ ತಮಾಷೆಯಾಗಿ ಕೇಳಿಸಲಿಲ್ಲ. ಪುಟ್ಟಿ ಪೊಟ್ಟಣದೊಳಗಿಂದ ಒಂದು ಬಿಳಿಯ ನಿಲುವಂಗಿಯನ್ನು ಹೊರತೆಗೆದು ಬೆಳಕಿಗೆ ಹಿಡಿದಳು. ಎದೆಯ ಮೇಲೆ ಹಸಿರು ಬಣ್ಣದ ದೊಡ್ಡ ಮಚ್ಚೆಯಿತ್ತು. ಸುತ್ತಲೂ ಬೇರೆ ಬೇರೆ ಬಣ್ಣದ, ಸಿಡಿದ ಸಣ್ಣ ಹನಿಗಳಿದ್ದವು. ಇಬ್ಬರೂ ಹತ್ತಿರ ಬಗ್ಗಿ ನೋಡಿದರು. ಬೇಕೆಂದೇ ಬಿಡಿಸಿದ್ದೋ, ಮೈಮೇಲೆ ಬಿದ್ದದ್ದೋ ತಿಳಿಯುವಂತಿರಲಿಲ್ಲ. ಜೊತೆಗೆ ಚೀಟಿಯೇನೂ ಇರಲಿಲ್ಲ. ಅತ್ತಿಗೆ ಹತ್ತಿಯ ಉಂಡೆಯನ್ನು ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟು, ಪೊಟ್ಟಣದ ಮೇಲಿದ್ದ ನಂಬರು ಹುಡುಕಿ, ಮೊದಲು ಕಳಿಸಿದವರಿಗೆ ಫೋನ್ ಮಾಡಿದಳು.